ಚಕ್ಕುಬಂದಿ

ಆನೇಕಲ್ ಅಂದರೆ ಆಲಿಕಲ್ಲು ಅನ್ನುತ್ತಿದ್ದರು ದಸ್ತಗೀರ್ ಸಾಹೇಬರು,
ಅಂಗೈಯಲ್ಲಿ ಹಿಡಿದು ತೋರಿಸುವಷ್ಟರಲ್ಲಿ
ನೀರಾಗುವ ಕಲ್ಲಿನ ಹೆಸರು ಈ ಊರಿಗೆ.
ಅದಕ್ಕೇ ಬರೆದಿಡಬೇಕು ಬೇಟಿ, ತಗೋ ಪೆನ್ನು.

ಸಬ್ ರಿಜಿಸ್ಟ್ರಾರ್ ಕಚೇರಿಯ ಎದುರು
ಹೊಂಗೆಯ ಕೆಳಗೆ ಅವರ ಇಳಿಜಾರು ಮೇಜು.
ಹದಿನೇಳು ವರ್ಷ ಮಗ್ಗುಲಲ್ಲಿ ಕೂತು ಕಲಿತೆ
ಸದರಿ, ಬಾಬ್ತು, ಇಸಮು, ಮಜಕೂರು,
ಎಲ್ಲಕ್ಕಿಂತ ಮೊದಲು
ಸೂರ್ಯ ಹುಟ್ಟುವ ಕಡೆ ಮುಖ ಮಾಡಿ
ನಾಲ್ಕು ದಿಕ್ಕು ಬರೆಯುವುದನ್ನು.

ಅವರು ಹೋದರು. ಮೇಜು ನನ್ನದಾಯಿತು.
ಒಂದು ಕಾಲು ಗಿಡ್ಡ, ಅದರಡಿಗೆ ಈಗಲೂ
ಅವರಿಟ್ಟ ಹೆಂಚಿನ ಚೂರು.

ಊರು ನೋಡಬಂದವರು ಕೋಟೆ ಎಲ್ಲಿ ಅನ್ನುತ್ತಾರೆ.
ನಾನು ಟ್ರಂಕಿನ ಬೀಗ ತೆಗೆಯಬೇಕು.
ಕೋಟೆ ಇರುವುದು ಐವತ್ತೆರಡನೇ ಇಸವಿಯ ಕ್ರಯಪತ್ರದಲ್ಲಿ:
ಪೂರ್ವಕ್ಕೆ ಕೋಟೆ ಕಂದಕ.
ಕಂದಕದ ಮೇಲೆ ಈಗ ಮೂರು ಬೇಕರಿ, ಒಂದು ಗಿರವಿ ಅಂಗಡಿ;
ಮಳೆ ಜೋರಾದ ದಿನ ಮಾತ್ರ
ಕಂದಕಕ್ಕೆ ತನ್ನ ನೆನಪಾಗಿ
ಬೇಕರಿಯವನ ಮೊಣಕಾಲು ಮುಟ್ಟುತ್ತದೆ.
ಪಶ್ಚಿಮಕ್ಕೆ ಟೂರಿಂಗ್ ಟಾಕೀಸಿನ ಬೇಲಿ.
ಬೇಲಿಯಲ್ಲಿ ಕಂಡಿ ಎಲ್ಲಿತ್ತು ಅಂತ
ಪತ್ರದಲ್ಲಿಲ್ಲ, ಸಾಹೇಬರಿಗೆ ಗೊತ್ತಿತ್ತು.

ಒಂದು ಪತ್ರದಲ್ಲಂತೂ ಉತ್ತರದ ಗಡಿ
'ಮಗ್ಗದ ಸದ್ದು ಕೇಳುವ ಮನೆ'.
ಯಾರು ಬರೆದರೋ, ಯಾವ ಅಧಿಕಾರಿ ಒಪ್ಪಿದನೋ.
ಆ ಬೀದಿಯಲ್ಲಿ ನಿಂತು ಒಮ್ಮೆ ಕಿವಿಗೊಟ್ಟೆ:
ಕುಕ್ಕರ್. ಇನ್ವರ್ಟರ್. ಯಾರದೋ ಮೊಬೈಲಿನ ನಗು.
ಗಡಿ ಜರುಗಿತ್ತು.

ಸೋಮವಾರ ಸರ್ವರ್ ಡೌನು.
ತಿಗಳರ ಬೀದಿಯ ಪಿಳ್ಳಮ್ಮ ಬಂದು ಕೂತಳು,
ಮಡಿಲಲ್ಲಿ ಕನಕಾಂಬರ, ಬಾಯಲ್ಲಿ ದಾರ.
ಇಪ್ಪತ್ತು ಮೂವತ್ತರ ಸೈಟು, ಮೊಮ್ಮಗಳಿಗೆ ದಾನಪತ್ರ.
ಹಳೇ ಪತ್ರ ಓದಿದೆ. ದಕ್ಷಿಣಕ್ಕೆ ಬಾವಿ.
'ಅದನ್ನು ಮುಚ್ಚಿ ಇಪ್ಪತ್ತು ವರ್ಷವಾಯಿತಲ್ಲಮ್ಮ,
ಅಲ್ಲೀಗ ಐದು ರೂಪಾಯಿ ಹಾಕಿದರೆ
ಬಿಂದಿಗೆ ತುಂಬಿಸುವ ಮಷೀನು.
ನೀರಿನ ಘಟಕ ಅಂತ ಹಾಕಲಾ?'

ಅವಳು ದಾರ ಕಚ್ಚಿ ತುಂಡರಿಸಿದಳು.

'ಹಾಕ್ಬ್ಯಾಡ. ಆ ಬಾವಿ ತೋಡಿದ್ದು ಯಾರಂದ್ಕೊಂಡೆ?
ನಮ್ಮವ್ವ ಮಂಕರೀಲಿ ಮಣ್ಣು ಹೊತ್ತಾಗ
ಏಳು ತಿಂಗಳ ಬಸುರಿ.
ಅವಳಿಗೆ ದಿನಕ್ಕೆ ಆರಾಣೆ, ಒಳಗಿದ್ದ ನಂಗೆ ಏನೂ ಇಲ್ಲ.
ನೀರಿಗಿಂತ ಮುಂಚೆ
ಆ ಬಾವಿಗೆ ಇಳಿದೋಳು ನಾನು.'

ಬಾವಿಕಟ್ಟೆಯ ಕಲ್ಲಿನಲ್ಲಿ ಕಟ್ಟಿಸಿದವರ ಹೆಸರಿತ್ತು.
ಆ ಕಲ್ಲು ಬಸ್ ನಿಲ್ದಾಣದ ಹಿಂದೆ ಬೋರಲು ಬಿದ್ದಿದೆ,
ಅದರ ಮೇಲೆ ಎಳನೀರು ಕೆತ್ತುತ್ತಾರೆ.

ಮೂರೂವರೆಗೆ ಸರ್ವರ್ ಬಂತು.
ಕಂಪ್ಯೂಟರ್ ಹುಡುಗ ಕೇಳಿದ, ದಕ್ಷಿಣ?
ಬಾವಿ, ಅಂದೆ.
ಅವನೂ ಅದೇ ಬೀದಿಯವನು,
ಬೆಳಿಗ್ಗೆ ಆ ಮಷೀನಿನಲ್ಲೇ ಕ್ಯಾನು ತುಂಬಿಸಿ ಬಂದವನು.
ಬರಿ ಮಾರಾಯ, ಕರಾರುವಾಕ್ಕಾಗಿ ಬರಿ, ಅಂದೆ,
ಗಂಟಲು ಸಾಹೇಬರದಾಗಿತ್ತು.

ಯಂತ್ರ ಅವಳ ಹೆಬ್ಬೆಟ್ಟು ಹಿಡಿಯಲಿಲ್ಲ.
ಹೂವಿನ ನಾರಿಗೆ ಗೆರೆಗಳೆಲ್ಲ ಸವೆದಿದ್ದವು.
ಸೆರಗಿಗೆ ಒರೆಸಿ, ಬಾಯಿಂದ ಊದಿ,
ನಾಲ್ಕನೆಯ ಸಲಕ್ಕೆ ಕೆಂಪು ದೀಪ ಹಸಿರಾಯಿತು.

ಹೊರಗೆ ಬಂದು ಫೀಜು ಎಣಿಸಿಕೊಟ್ಟಳು, ಹತ್ತು ಕಡಿಮೆ.
ಅದಕ್ಕೆ ಬದಲು ಒಂದು ಮೊಳ ಕನಕಾಂಬರ.
ಮೊಳ ಅಂದರೆ ಅವಳ ಮೊಳಕೈಯಿಂದ
ಬೆರಳ ತುದಿಯವರೆಗೆ, ಆಮೇಲೆ
ಇನ್ನೊಂದಿಷ್ಟು.